ಕೀರ್ತನೆ 91 ಓದುವ ಮನೆಗೂ ಕಷ್ಟ ಬಂದರೆ, ದೇವರ ಕಾವಲು ಅಂದರೆ ಏನು?

ಪ್ರಶ್ನೆ: ಅಯ್ಯನವರಿಗೆ ಕರ್ತನಲ್ಲಿ ವಂದನೆಗಳು. ನಮ್ಮದು ಮಾನ್ವಿ ತಾಲ್ಲೂಕಿನ ಒಂದು ಹಳ್ಳಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ನಾಲ್ಕು ಎಕರೆ ಲೀಸಿಗೆ ಹಿಡಿದು ಭತ್ತ ನಾಟಿ ಮಾಡಿದ್ದೆವು. ತೆನೆ ಬರುವ ಹೊತ್ತಿಗೆ ನೀರು ಬರಲಿಲ್ಲ. ಅದರ ಹಿಂದಿನ ವರ್ಷ ಮೆಣಸಿನಕಾಯಿಗೆ ರೇಟು ಸಿಗಲಿಲ್ಲ. ಗೊಬ್ಬರದ ಅಂಗಡಿಯ ಉದ್ರಿ, ಎರಡು ಸಂಘದ ಸಾಲ, ಇದ್ದ ಬಂಗಾರವೂ ಅಡ ಇಟ್ಟಾಗಿದೆ. ಮನೆಯವರು ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೋಗಿದ್ದಾರೆ. ಕಂತು ತಪ್ಪಿದರೆ ಫೈನಾನ್ಸಿನವರು ರಾತ್ರಿ ಎಂಟರವರೆಗೂ ಬಾಗಿಲಲ್ಲೇ ಕೂರುತ್ತಾರೆ. ಅತ್ತೆಗೆ ಸಕ್ಕರೆ ಕಾಯಿಲೆ. ನಾನು ದಿನಾ ಬೆಳಿಗ್ಗೆ ಕೀರ್ತನೆ 91 ಓದುತ್ತೇನೆ, ಮಕ್ಕಳಿಗೂ ಬಾಯಿಪಾಠ ಇದೆ. ಆದರೂ ಹೀಗೆ. ಕೂಟಕ್ಕೆ ಬಂದ ಬೋಧಕರೊಬ್ಬರು ನಿಮ್ಮ ವಿಶ್ವಾಸದಲ್ಲಿ ಕೊರತೆ ಇದೆ, ವಿಶೇಷ ಕಾಣಿಕೆ ಹರಕೆ ಮಾಡಿ, ಅತ್ತೆಯ ಮಾತ್ರೆ ನಿಲ್ಲಿಸಿ ನಂಬಿಕೆ ತೋರಿಸಿ ಅಂದರು. ಸಭೆಗೆ ಹೋಗಲು ನಾಚಿಕೆ ಆಗುತ್ತಿದೆ. ದೇವರು ನಿಜವಾಗಿ ಕಾಯುತ್ತಾನಾ? ಆತನ ಮೇಲೆ ಸಿಟ್ಟು ಬರುತ್ತದೆ, ಅದು ಪಾಪವಾ? ಕೆಲವು ರಾತ್ರಿ, ಮಲಗಿದವಳು ಏಳದಿದ್ದರೆ ಸಾಕು ಅನ್ನಿಸುತ್ತದೆ.

ಉತ್ತರ: ತಂಗಿ, ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಉಳಿದದ್ದು ಆಮೇಲೆ.

ಏಳದಿದ್ದರೆ ಸಾಕು ಅನ್ನಿಸುವುದನ್ನು ಬಾಯಿ ಬಿಟ್ಟು ಹೇಳಿದ್ದೀರಲ್ಲ, ಅದು ಒಳ್ಳೆಯದಾಯಿತು. ಇದನ್ನು ಮನೆಯಲ್ಲಿ ಇನ್ನೊಬ್ಬರಿಗೂ ಇವತ್ತೇ ಹೇಳಿ. ಗಂಡನಿಗೆ ಫೋನಿನಲ್ಲಿ ಹೇಳಿ, ಇಲ್ಲವೇ ಅಕ್ಕನೋ ಅತ್ತಿಗೆಯೋ ಇದ್ದರೆ ನಾಲ್ಕು ದಿನ ನಿಮ್ಮ ಮನೆಯಲ್ಲಿ ಮಲಗಲು ಕರೆಯಿರಿ. ಹೊಲಕ್ಕೆ ಹೊಡೆಯಲು ತಂದ ಕ್ರಿಮಿನಾಶಕ ಎಣ್ಣೆ, ಔಷಧಿ ಡಬ್ಬಿ ಮನೆಯಲ್ಲಿದ್ದರೆ ಬೇರೆಯವರ ಕಡೆ ಇಡಲು ಕೊಡಿ. ರಾತ್ರಿ ಮನಸ್ಸು ತಡೆಯದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲೂ ರಾತ್ರಿಯೂ ಇರುತ್ತಾರೆ. ಹಾಗೆ ಫೋನ್ ಮಾಡಿದರೆ ವಿಶ್ವಾಸ ಕಡಿಮೆ ಅಂತ ಯಾರೂ ಅನ್ನುವ ಹಾಗಿಲ್ಲ. ಎಲೀಯನಂಥ ಪ್ರವಾದಿಯೇ ಒಂದು ದಿನ ಅಡವಿಯಲ್ಲಿ ಗಿಡದ ಕೆಳಗೆ ಕೂತು, ಸಾಕಾಗಿದೆ ಸ್ವಾಮಿ, ನನ್ನ ಪ್ರಾಣ ತೆಗೆದುಕೋ ಅಂದ. 1 ಅರಸು 19ನೇ ಅಧ್ಯಾಯ ತೆಗೆದು ನೋಡಿ. ದೇವರು ಅವನಿಗೆ ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮಲಗಲು ಬಿಟ್ಟ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ. ಮತ್ತೆ ಎಬ್ಬಿಸಿ ಉಣ್ಣಿಸಿದ. ಮಾತಾಡಿದ್ದು ಅದೆಲ್ಲ ಆದಮೇಲೆ. ನೀವು ರಾತ್ರಿ ಊಟ ಮಾಡುತ್ತಿದ್ದೀರಾ? ಮಕ್ಕಳಿಗೂ ಅತ್ತೆಗೂ ಬಡಿಸಿ ನೀವು ಹಾಗೇ ಮಲಗುವುದು ನಮ್ಮ ಕಡೆ ಹೆಣ್ಣುಮಕ್ಕಳ ರೂಢಿ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ರೊಟ್ಟಿ, ಸ್ವಲ್ಪ ಶೇಂಗಾ ಹಿಂಡಿ ಆದರೂ ಸರಿ, ತಿಂದು ಮಲಗಿ.

ಈಗ ದೇವರು ಕಾಯುತ್ತಾನಾ ಅನ್ನುವ ಪ್ರಶ್ನೆ.

ಕಾಯುತ್ತಾನೆ. ಇದನ್ನು ಪೂರ್ತಿ ಮನಸ್ಸಿನಿಂದ ಬರೆಯುತ್ತಿದ್ದೇನೆ. ಆದರೆ ಕಾಯುತ್ತಾನೆ ಅಂದರೆ ಬೆಳೆ ಒಣಗುವುದಿಲ್ಲ, ಕಾಯಿಲೆ ಬರುವುದಿಲ್ಲ, ಸಾಲ ಆಗುವುದಿಲ್ಲ ಅಂತ ಬೈಬಲ್ ಎಲ್ಲೂ ಮಾತು ಕೊಟ್ಟಿಲ್ಲ. ಕೊಟ್ಟಿದೆ ಅಂತ ಹೇಳುವವರು ನಿಮ್ಮ ಹತ್ತಿರ ಇಲ್ಲದ ಮಾತು ಹೇಳುತ್ತಿದ್ದಾರೆ. ನಿಮ್ಮನ್ನು ಬೆಳೆನಷ್ಟಕ್ಕಿಂತ ಜಾಸ್ತಿ ನೋಯಿಸುತ್ತಿರುವುದು ಆ ಮಾತೇ ಅಂತ ನನಗೆ ಅನ್ನಿಸುತ್ತದೆ. ಬೆಳೆ ಹೋದರೆ ಬೆಳೆ ಹೋಯಿತು. ಅದರ ಜೊತೆಗೆ ದೇವರೂ ನನ್ನ ಕೈಬಿಟ್ಟ ಅನ್ನಿಸಿದರೆ ಮನುಷ್ಯ ಯಾವುದನ್ನು ಹಿಡಿದು ನಿಲ್ಲಬೇಕು?

ನೀವು ದಿನಾ ಓದುವ ಕೀರ್ತನೆಯನ್ನೇ ತೆಗೆದುಕೊಳ್ಳಿ. ನಮ್ಮ ಜನ ಅದರ ಮೊದಲ ಭಾಗವನ್ನು ಬಾಯಿಪಾಠ ಮಾಡುತ್ತಾರೆ. ಸಾವಿರ ಜನ ಪಕ್ಕದಲ್ಲಿ ಬಿದ್ದರೂ ನಿನಗೇನೂ ತಟ್ಟದು, ಯಾವ ಕೇಡೂ ನಿನ್ನ ಗುಡಾರಕ್ಕೆ ಬಾರದು, ಅಲ್ಲಿಯವರೆಗೆ. ಆಟೋ ಗಾಜಿನ ಮೇಲೆ, ಮನೆಯ ಬಾಗಿಲ ಮೇಲೆ ಬರೆಸುವುದೂ ಅದನ್ನೇ. 15ನೇ ವಚನ ಯಾರೂ ಬರೆಸುವುದಿಲ್ಲ. ಅಲ್ಲಿ ದೇವರು ಹೇಳುವುದು ಇಷ್ಟು: ಅವನು ನನ್ನನ್ನು ಕೂಗುವನು, ನಾನು ಉತ್ತರ ಕೊಡುವೆನು, ಇಕ್ಕಟ್ಟಿನಲ್ಲಿ ಅವನ ಸಂಗಡ ಇರುವೆನು. ಇಕ್ಕಟ್ಟು ಬರುವುದೇ ಇಲ್ಲ ಅಂದಿದ್ದರೆ ಈ ಮಾತು ಯಾಕೆ ಬೇಕಿತ್ತು? ಕೀರ್ತನೆ ಬರೆದವನಿಗೆ ಕಷ್ಟ ಏನು ಅಂತ ಗೊತ್ತಿತ್ತು. ಕಷ್ಟದ ಒಳಗೂ ದೇವರು ಬಿಟ್ಟುಹೋಗಲಿಲ್ಲ ಅಂತಲೂ ಗೊತ್ತಿತ್ತು. ಎರಡೂ ಗೊತ್ತಿದ್ದವನ ಹಾಡು ಅದು.

ಇನ್ನೊಂದು ವಿಷಯ ಗಮನಿಸಿ. ಬೈಬಲಿನಲ್ಲಿ ಈ ಕೀರ್ತನೆಯನ್ನು ಯೇಸುವಿನ ಮುಂದೆ ಹೇಳಿದವನು ಸೈತಾನ. ಮತ್ತಾಯ 4ರಲ್ಲಿದೆ. ದೇವಾಲಯದ ತುದಿಯ ಮೇಲೆ ನಿಲ್ಲಿಸಿ, ಕೆಳಗೆ ಹಾರು, ದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ ಅಂತ ಬರೆದಿದೆಯಲ್ಲ ಅಂದ. ವಚನ ಸರಿಯಾಗಿತ್ತು, ಬಳಸಿದ ರೀತಿ ತಪ್ಪಾಗಿತ್ತು. ಯೇಸು ಹಾರಲಿಲ್ಲ. ನಿನ್ನ ದೇವರನ್ನು ಪರೀಕ್ಷಿಸಬಾರದು ಅಂತಲೂ ಬರೆದಿದೆ ಅಂದ. ಆಮೇಲೆ ಅದೇ ಯೇಸು ಗೆತ್ಸೇಮನೆಯಲ್ಲಿ ಮುಖ ನೆಲಕ್ಕೆ ಹಚ್ಚಿ, ಸಾಧ್ಯವಾದರೆ ಈ ಪಾತ್ರೆ ನನ್ನಿಂದ ತೊಲಗಲಿ ಅಂತ ಬೇಡಿದ. ತೊಲಗಲಿಲ್ಲ. ಶಿಲುಬೆಗೆ ಹೋದ. ದೇವರ ಮಗನ ಪ್ರಾರ್ಥನೆಗೇ ಹಾಗಾಯಿತು ಅಂದಮೇಲೆ, ಕಷ್ಟ ತೊಲಗದೆ ಇರುವುದು ವಿಶ್ವಾಸದ ಕೊರತೆ ಅಂತ ನಿಮ್ಮ ಮೇಲೆ ಹೊರಿಸಿದವರಿಗೆ ಯಾವ ಆಧಾರವೂ ಇಲ್ಲ.

ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯವನ್ನು ಒಂದೇ ಸಲ ಕೂತು ಓದಿ. ಮೊದಲ ಎರಡು ವಚನದಲ್ಲಿ ಹೆರೋದ ರಾಜ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಅದೇ ಅಧ್ಯಾಯದಲ್ಲಿ ಪೇತ್ರನನ್ನು ದೂತನು ಸೆರೆಮನೆಯಿಂದ ಬಿಡಿಸಿ ಬೀದಿಗೆ ತರುತ್ತಾನೆ. ಇಬ್ಬರೂ ಯೇಸುವಿನ ಜೊತೆಗೇ ಇದ್ದವರು. ಯಾಕೋಬನ ವಿಶ್ವಾಸ ಕಡಿಮೆ ಇತ್ತು, ಪೇತ್ರನದು ಜಾಸ್ತಿ ಇತ್ತು ಅಂತ ಲೂಕ ಎಲ್ಲೂ ಬರೆಯುವುದಿಲ್ಲ. ಹಾಗೆ ನೋಡಿದರೆ ಪೇತ್ರನಿಗಾಗಿ ಪ್ರಾರ್ಥನೆ ಮಾಡುತ್ತಿದ್ದವರೇ, ಅವನು ಬಂದು ಬಾಗಿಲು ತಟ್ಟಿದಾಗ ನಂಬಲಿಲ್ಲ! ಒಬ್ಬನನ್ನು ಯಾಕೆ ಉಳಿಸಿದ, ಇನ್ನೊಬ್ಬನನ್ನು ಯಾಕೆ ಕರೆದುಕೊಂಡ ಅನ್ನುವುದಕ್ಕೆ ಬೈಬಲ್ ಕಾರಣ ಕೊಡುವುದಿಲ್ಲ. ಬೈಬಲ್ ಕೊಡದ ಕಾರಣವನ್ನು ನಾವು ಹುಟ್ಟಿಸಿ ನೊಂದವರ ತಲೆಗೆ ಕಟ್ಟಬಾರದು. ಎಲ್ಲ ಕಳೆದುಕೊಂಡ ಯೋಬನಿಗೆ ಅವನ ಗೆಳೆಯರು ಮಾಡಿದ್ದು ಅದನ್ನೇ. ಕೊನೆಗೆ ದೇವರು ಸಿಟ್ಟಾಗಿದ್ದು ಯೋಬನ ಮೇಲಲ್ಲ, ಆ ಗೆಳೆಯರ ಮೇಲೆ.

ನಮ್ಮ ಭಾಗದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಜಾನ್ ಹ್ಯಾಂಡ್ಸ್ ಅನ್ನುವ ಮಿಷನರಿ 1810ರಲ್ಲಿ ಬಳ್ಳಾರಿಗೆ ಬಂದರು. ಕನ್ನಡ ಬೈಬಲಿನ ಅನುವಾದದ ಕೆಲಸ ಅಲ್ಲಿ ನಡೆಯಿತು. ಅಂದರೆ ನೀವು ದಿನಾ ಬೆಳಿಗ್ಗೆ ಓದುವ ಕೀರ್ತನೆ ಕನ್ನಡಕ್ಕೆ ಬಂದ ದಾರಿ ನಮ್ಮ ಪಕ್ಕದ ಬಳ್ಳಾರಿಯಿಂದಲೇ ಹಾದು ಬಂದಿದೆ. ಅದೇ ಬಳ್ಳಾರಿ ಸೀಮೆ 1876ರಿಂದ 78ರವರೆಗಿನ ಮಹಾ ಬರದಲ್ಲಿ ಮದ್ರಾಸ್ ಪ್ರಾಂತ್ಯದಲ್ಲೇ ಅತಿ ಹೆಚ್ಚು ನರಳಿದ ಕಡೆಗಳಲ್ಲಿ ಒಂದು. ಧಾತು, ಈಶ್ವರ ಸಂವತ್ಸರದ ಬರ ಅಂತ ಹಿರಿಯರು ಹೇಳುತ್ತಿದ್ದುದು ಅದನ್ನೇ. ಆ ಬರ ಯಾರ ಮನೆಯಲ್ಲಿ ಯಾವ ಪುಸ್ತಕ ಓದುತ್ತಾರೆ ಅಂತ ನೋಡಿ ಬರಲಿಲ್ಲ. ಉಳಿದವರು ಮತ್ತೆ ಅದೇ ಕೀರ್ತನೆ ತೆರೆದು ಓದಿದರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇವತ್ತು ನಮ್ಮ ಸಭೆಗಳಲ್ಲಿ ಕೂರುತ್ತಾರೆ. ನಮ್ಮ ಮುದಗಲ್ಲಿನಲ್ಲೂ ಆದಿಲ್‌ಶಾಹಿ ಕಾಲದಿಂದ ಕ್ರೈಸ್ತರಿದ್ದಾರೆ. ಎಷ್ಟು ದಂಡು, ಎಷ್ಟು ಬರ, ಎಷ್ಟು ಪ್ಲೇಗು ಈ ನೆಲದ ಮೇಲೆ ಹಾದುಹೋಗಿದೆ. ಏನೂ ಆಗದ ಕಾರಣಕ್ಕೆ ಅವರು ದೇವರನ್ನು ಹಿಡಿದುಕೊಂಡವರಲ್ಲ.

ಈಗ ನಿಮ್ಮ ಕಷ್ಟಕ್ಕೆ ತೀರ ಹತ್ತಿರ ಇರುವ ಒಂದು ಕಥೆ. 2 ಅರಸು 4ನೇ ಅಧ್ಯಾಯ, ಮೊದಲ ಏಳು ವಚನ. ಇದರ ಮೇಲೆ ಪ್ರಸಂಗ ಕೇಳಿರುತ್ತೀರಿ, ಆದರೆ ಸಾಲದಲ್ಲಿದ್ದವರ ಕಣ್ಣಿನಿಂದ ಓದಿದರೆ ಬೇರೆಯೇ ಕಾಣುತ್ತದೆ.

ಒಬ್ಬ ವಿಧವೆ. ಗಂಡ ಪ್ರವಾದಿಗಳ ಮಂಡಳಿಯವನು. ನನ್ನ ಗಂಡ ದೇವರಿಗೆ ಭಯಪಡುವವನಾಗಿದ್ದ ಅಂತ ಅವಳೇ ಪ್ರವಾದಿ ಎಲೀಷನಿಗೆ ಹೇಳುತ್ತಾಳೆ. ಅಂಥವನು ಸಾಲ ಬಿಟ್ಟು ಸತ್ತ. ಸಾಲ ಕೊಟ್ಟವನು ಬಾಗಿಲಿಗೆ ಬಂದಿದ್ದಾನೆ, ಎರಡು ಗಂಡುಮಕ್ಕಳನ್ನು ಜೀತಕ್ಕೆ ಎಳೆದುಕೊಂಡು ಹೋಗಲು. ನೋಡಿ, ಸಾಲ ಅವಳ ಪಾಪದ ಗುರುತು ಅಂತ ಎಲೀಷ ಅನ್ನಲಿಲ್ಲ. ಮೊದಲು ಕಾಣಿಕೆ ಕೊಡು ಅನ್ನಲಿಲ್ಲ. ಅವನು ಕೇಳಿದ್ದು, ನಾನು ನಿನಗೆ ಏನು ಮಾಡಲಿ, ಮನೆಯಲ್ಲಿ ಏನಿದೆ ಹೇಳು. ಏನೂ ಇಲ್ಲ, ಒಂದು ಮೊಗೆ ಎಣ್ಣೆ ಬಿಟ್ಟರೆ ಅಂದಳು. ಸಾಲದ ಮನೆಯಲ್ಲಿ ಕೂತವರು ಎಲ್ಲರೂ ಹೀಗೇ ಹೇಳುವುದು, ಏನೂ ಇಲ್ಲ ಅಂತ. ಅವನು ಆ ಒಂದು ಮೊಗೆಯಿಂದಲೇ ಶುರು ಮಾಡಿದ.

ಆಮೇಲೆ ಹೇಳಿದ್ದು, ಹೋಗಿ ನೆರೆಹೊರೆಯವರ ಹತ್ತಿರ ಬರಿದಾದ ಪಾತ್ರೆ ಕೇಳಿ ತೆಗೆದುಕೊಂಡು ಬಾ, ಕಡಿಮೆ ತರಬೇಡ. ಇದನ್ನು ಸ್ವಲ್ಪ ನಿಂತು ಯೋಚಿಸಿ. ಸಾಲ ಕೊಟ್ಟವನು ಬಾಗಿಲಲ್ಲಿ ಕೂತಿರುವಾಗ ಆ ಹೆಂಗಸು ಓಣಿಯ ಒಂದೊಂದು ಮನೆಗೂ ಹೋಗಿ ಕೊಡ ಕೊಡಿ, ಬೋಗುಣಿ ಕೊಡಿ ಅಂತ ಕೇಳಬೇಕು. ನಾಚಿಕೆ ಆಗುವುದಿಲ್ವಾ? ಆಗಿಯೇ ಆಗುತ್ತದೆ. ದೇವರು ಮನಸ್ಸು ಮಾಡಿದ್ದರೆ ಮನೆಯಲ್ಲಿದ್ದ ಒಂದೇ ಮೊಗೆಯಿಂದ ಎಣ್ಣೆ ಉಕ್ಕಿಸಬಹುದಿತ್ತು. ಆದರೆ ಆ ಅದ್ಭುತದಲ್ಲಿ ಇಡೀ ಓಣಿಯ ಪಾತ್ರೆಗಳು ಬೇಕಾದವು. ಮಕ್ಕಳು ಪಾತ್ರೆ ತಂದು ಕೊಟ್ಟರು, ಅವಳು ಹೊಯ್ದಳು. ಪಾತ್ರೆ ಮುಗಿದಾಗ ಎಣ್ಣೆ ನಿಂತಿತು. ಕೊನೆಗೆ ಎಲೀಷ ಹೇಳಿದ್ದು ಸಂತೆಯ ಮಾತು: ಎಣ್ಣೆ ಮಾರು, ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಬದುಕಿ.

ದೇವರ ಕಾವಲು ಹೆಚ್ಚಿನ ಸಲ ಬರುವುದು ಹೀಗೇ ಅಂತ ನಾನು ನಂಬಿದ್ದೇನೆ. ಮನೆಯಲ್ಲಿ ಉಳಿದಿರುವ ಸ್ವಲ್ಪದರ ಮೂಲಕ, ನೆರೆಯವರ ಪಾತ್ರೆಗಳ ಮೂಲಕ, ನಮ್ಮದೇ ಕೈಕೆಲಸದ ಮೂಲಕ. ಪೌಲನ ಹಡಗಿನ ಕಥೆಯಲ್ಲೂ ಇದೇ ಇದೆ, ಅಪೊಸ್ತಲರ ಕೃತ್ಯಗಳು 27. ಹಡಗಿನಲ್ಲಿ 276 ಜನ, ಹದಿನಾಲ್ಕು ರಾತ್ರಿ ಬಿರುಗಾಳಿ. ಒಬ್ಬರ ಪ್ರಾಣವೂ ಹೋಗುವುದಿಲ್ಲ ಅಂತ ದೂತನು ಪೌಲನಿಗೆ ಮಾತು ಕೊಟ್ಟಿದ್ದ. ಹಾಗಂತ ಪೌಲ ಕೈಕಟ್ಟಿ ಕೂರಲಿಲ್ಲ. ನಾವಿಕರು ಸಣ್ಣ ದೋಣಿಯಲ್ಲಿ ಜಾರಿಕೊಳ್ಳಲು ನೋಡಿದಾಗ, ಇವರು ಹಡಗಿನಲ್ಲಿ ಇರದಿದ್ದರೆ ನೀವು ಉಳಿಯಲಾರಿರಿ ಅಂತ ಕೂಗಿ ಹೇಳಿದ. ಊಟ ಮಾಡಿ ಅಂತ ಎಲ್ಲರನ್ನೂ ಬೇಡಿಕೊಂಡ. ಗೋದಿಯನ್ನು ಸಮುದ್ರಕ್ಕೆ ಸುರಿದರು. ಹಡಗು ಒಡೆದು ಹೋಯಿತು. ಈಜು ಬರುವವರು ಈಜಿದರು, ಬಾರದವರು ಹಲಗೆ ಹಿಡಿದು ದಡ ಸೇರಿದರು. ಮಾಲು ಹೋಯಿತು, ಹಡಗು ಹೋಯಿತು, ಜನ ಉಳಿದರು. ದೇವರು ಮಾತು ಉಳಿಸಿಕೊಂಡ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿ ಹೋದದ್ದು ನಿಮಗೂ ನೆನಪಿರುತ್ತದೆ, ಕೊನೆ ಭಾಗದವರಿಗೆ ಆ ವಾರ ನಿದ್ದೆ ಇರಲಿಲ್ಲ. ಎಲ್ಲರೂ ಪ್ರಾರ್ಥನೆ ಮಾಡಿದೆವು. ಅದೇ ಹೊತ್ತಿಗೆ ಕಾರ್ಖಾನೆಗಳಲ್ಲಿ ಕಬ್ಬಿಣದ ಹಲಗೆ ತಯಾರಾಗುತ್ತಿತ್ತು, ಹರಿಯುವ ನೀರಿನ ಮಧ್ಯದಲ್ಲೇ ಕ್ರೇನಿನಿಂದ ತಾತ್ಕಾಲಿಕ ಗೇಟು ಇಳಿಸಿದರು, ಒಂದು ವಾರದೊಳಗೆ. ಪ್ರಾರ್ಥನೆಗೆ ಉತ್ತರ ಬಂತಾ, ಇಂಜಿನಿಯರುಗಳು ಮಾಡಿದರಾ ಅಂತ ಜಗಳ ಮಾಡುವವರಿದ್ದಾರೆ. ಯೆರೂಸಲೇಮಿನ ಗೋಡೆ ಕಟ್ಟಿಸಿದ ನೆಹೆಮೀಯನ ಪುಸ್ತಕದಲ್ಲಿ, 4:9ರಲ್ಲಿ, ಆ ಜಗಳವೇ ಇಲ್ಲ. ದೇವರಿಗೆ ಮೊರೆಯಿಟ್ಟೆವು, ಹಗಲೂ ರಾತ್ರಿಯೂ ಕಾವಲು ಇಟ್ಟೆವು ಅಂತ ಒಂದೇ ಉಸಿರಿನಲ್ಲಿ ಬರೆದಿದ್ದಾನೆ.

ಅದಕ್ಕೇ ಈಗ ನಿಮ್ಮ ಸಾಲದ ವಿಷಯ ಮಾತಾಡೋಣ. ಇದು ಆತ್ಮಿಕ ವಿಷಯ ಅಲ್ಲ ಅಂದುಕೊಳ್ಳಬೇಡಿ.

ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆಯಿರಿ. ಅಂಗಡಿ ಉದ್ರಿ ಎಷ್ಟು, ಸಂಘ ಒಂದು ಎಷ್ಟು, ಎರಡು ಎಷ್ಟು, ಬಂಗಾರದ ಸಾಲದ ಗಡುವು ಯಾವಾಗ, ಬಡ್ಡಿ ಎಷ್ಟು, ಇದುವರೆಗೆ ಕಟ್ಟಿದ್ದು ಎಷ್ಟು. ಬರೆಯುವವರೆಗೆ ಸಾಲ ತಲೆಯಲ್ಲಿ ಬೆಟ್ಟದಷ್ಟು ಇರುತ್ತದೆ. ಬರೆದ ಮೇಲೂ ದೊಡ್ಡದೇ, ಆದರೆ ಅದಕ್ಕೊಂದು ಲೆಕ್ಕ ಬರುತ್ತದೆ. ಒಂದು ಸಂಘದ ಕಂತು ಕಟ್ಟಲು ಮೂರನೇ ಸಂಘದಲ್ಲಿ ಸಾಲ ಎತ್ತಬೇಡಿ. ಇದನ್ನು ಕೈಮುಗಿದು ಹೇಳುತ್ತೇನೆ. ನಮ್ಮ ಕಡೆ ಮನೆಗಳು ಮುಳುಗುವುದು ಅಲ್ಲೇ.

ಇನ್ನು ರಾತ್ರಿ ಎಂಟರವರೆಗೆ ಬಾಗಿಲಲ್ಲಿ ಕೂರುವವರ ವಿಷಯ. ರಿಸರ್ವ್ ಬ್ಯಾಂಕಿನ ನಿಯಮ ಸ್ಪಷ್ಟ ಇದೆ. ಮೈಕ್ರೋ ಫೈನಾನ್ಸ್ ಸಾಲಕ್ಕೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡಿ ಕಾಡುವಂತಿಲ್ಲ. ಬೈಯುವುದು, ಹೆದರಿಸುವುದು, ನೆಂಟರಿಗೆ ನೆರೆಯವರಿಗೆ ಕಾಟ ಕೊಡುವುದು ಯಾವುದನ್ನೂ ಮಾಡುವಂತಿಲ್ಲ. ಕಂತು ಕಟ್ಟುವುದು ಗೊತ್ತು ಮಾಡಿದ ಜಾಗದಲ್ಲಿ. ಅಲ್ಲಿಗೆ ನೀವು ಸತತ ಎರಡು ಸಲ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ಅದಕ್ಕೇ ಕಂತಿಗೆ ದುಡ್ಡಿಲ್ಲದಿದ್ದರೂ ಸೆಂಟರ್ ಮೀಟಿಂಗಿಗೆ ಹೋಗಿ, ಇವತ್ತು ಇಷ್ಟೇ ಇದೆ, ಅವಧಿ ಜಾಸ್ತಿ ಮಾಡಿ ಕಂತು ಕಡಿಮೆ ಮಾಡಿಕೊಡಿ ಅಂತ ಬರೆದು ಕೊಡಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಕೇಳದಿದ್ದರೆ ಮೊದಲು ಆ ಕಂಪನಿಗೇ ಬರೆದು ದೂರು ಕೊಡಿ, ಅವರು ಸರಿಯಾದ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ 14448 ನಂಬರಿಗೆ ಮಾಡಿ ಮುಂದೆ ದೂರು ಕೊಡುವುದು ಹೇಗೆ ಅಂತ ಕೇಳಿ. ನಮ್ಮ ರಾಜ್ಯ ಸರ್ಕಾರವೂ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು, ಸಾಲ ವಸೂಲಿಗೆ ಬಲವಂತ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಂತ ಮಾಡಿತು. ಠಾಣೆಗೆ ಒಬ್ಬರೇ ಹೋಗಬೇಡಿ, ನಿಮ್ಮ ಗುಂಪಿನ ಹೆಣ್ಣುಮಕ್ಕಳನ್ನೂ ಸಭೆಯ ಹಿರಿಯರೊಬ್ಬರನ್ನೂ ಕರೆದುಕೊಂಡು ಹೋಗಿ.

ಸಾಲ ಮುಳುಗಿಸಿ ಅಂತ ನಾನು ಹೇಳುತ್ತಿಲ್ಲ. ತೆಗೆದುಕೊಂಡದ್ದನ್ನು ತೀರಿಸಬೇಕು, ಕೀರ್ತನೆ 37 ಅದನ್ನು ನೇರವಾಗಿಯೇ ಹೇಳುತ್ತದೆ. ಆದರೆ ತೀರಿಸುವವರಿಗೂ ಮಾನ ಇದೆ. ನೆಹೆಮೀಯನ ಕಾಲದಲ್ಲಿ ಬರಕ್ಕೆ ಕಾಳು ತರಲು ಜನ ಹೊಲ, ದ್ರಾಕ್ಷಿತೋಟ, ಮನೆ ಎಲ್ಲ ಅಡ ಇಟ್ಟು ಮಕ್ಕಳನ್ನು ಜೀತಕ್ಕೆ ಬಿಡುವ ಸ್ಥಿತಿಗೆ ಬಂದಿದ್ದರು. ಅವನು ಅವರಿಗೆ ಇನ್ನೂ ಹೆಚ್ಚು ನಂಬಿ ಅಂತ ಹೇಳಲಿಲ್ಲ. ಸಾಲ ಕೊಟ್ಟ ದೊಡ್ಡವರನ್ನು ಕರೆಸಿ ಎಲ್ಲರ ಮುಂದೆ ತರಾಟೆಗೆ ತೆಗೆದುಕೊಂಡ. ಹೊಲಮನೆ ಹಿಂದಕ್ಕೆ ಕೊಡಿಸಿದ, ಬಡ್ಡಿ ಬಿಡಿಸಿದ. ಐದನೇ ಅಧ್ಯಾಯ ಪೂರ್ತಿ ಅದೇ. ನಿಮ್ಮ ಸಭೆಯ ಹಿರಿಯರಿಗೂ ಆ ಅಧ್ಯಾಯ ಓದಲು ಹೇಳಿ. ಒಬ್ಬ ಸದಸ್ಯಳ ಬಾಗಿಲಲ್ಲಿ ವಸೂಲಿಯವರು ಕೂತಿರುವಾಗ ಸಭೆ ಬರೀ ಪ್ರಾರ್ಥನೆ ಮಾಡಿ ಸುಮ್ನೆ ಕೂತರೆ, ಬೆಚ್ಚಗಿರು ಹೊಟ್ಟೆ ತುಂಬಿಸಿಕೋ ಅಂತ ಬಾಯಲ್ಲಿ ಹೇಳಿ ಏನೂ ಕೊಡದೆ ಕಳಿಸುವವರ ಬಗ್ಗೆ ಯಾಕೋಬನ ಪತ್ರ ಕೇಳಿದ ಪ್ರಶ್ನೆ ನಮ್ಮ ಮೇಲೇ ಬರುತ್ತದೆ.

ವಿಶೇಷ ಕಾಣಿಕೆ ಕೊಡಬೇಡಿ. ಹರಕೆ ಮಾಡಿಬಿಟ್ಟಿದ್ದರೆ ಭಯ ಪಡಬೇಡಿ, ಇಲ್ಲದವಳ ಹತ್ತಿರ ಕಿತ್ತುಕೊಳ್ಳುವ ದೇವರಲ್ಲ ನಮ್ಮ ದೇವರು. ವಿಧವೆಯರ ಮನೆಗಳನ್ನು ನುಂಗುವ ಧರ್ಮಶಾಸ್ತ್ರಿಗಳ ಬಗ್ಗೆ ಯೇಸು ಎಷ್ಟು ಕಠಿಣವಾಗಿ ಮಾತಾಡಿದ್ದಾನೆ ಅಂತ ಮಾರ್ಕ 12ರಲ್ಲಿದೆ.

ಅತ್ತೆಯ ಮಾತ್ರೆ ನಿಲ್ಲಿಸಿದ್ದರೆ ನಾಳೆ ಬೆಳಿಗ್ಗೆಯೇ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ರಕ್ತ ಪರೀಕ್ಷೆ ಮಾಡಿಸಿ, ಎಷ್ಟು ದಿನದಿಂದ ಮಾತ್ರೆ ಬಿಟ್ಟಿದ್ದಾರೆ ಅಂತ ಮುಚ್ಚಿಡದೆ ಹೇಳಿ. ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟರೆ ಕಣ್ಣು, ಕಿಡ್ನಿ, ಕಾಲು ಒಂದೊಂದಾಗಿ ಹಾಳಾಗುತ್ತವೆ, ಕೆಲವೊಮ್ಮೆ ಜೀವಕ್ಕೇ ಬರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ, ಶುಗರ್ ಮಾತ್ರೆ ಪುಕ್ಕಟೆ ಕೊಡುತ್ತಾರೆ. ಹಿಜ್ಕೀಯ ರಾಜ ಗುಣವಾಗುತ್ತಾನೆ ಅಂತ ದೇವರೇ ಮಾತು ಕೊಟ್ಟಿದ್ದರೂ ಯೆಶಾಯ ಅಂಜೂರದ ಪಟ್ಟು ತರಿಸಿ ಹುಣ್ಣಿನ ಮೇಲೆ ಇಡಿಸಿದ. ಪೌಲನ ಜೊತೆಯಲ್ಲಿ ತಿರುಗಾಡಿದ ಲೂಕ ವೈದ್ಯ. ಮಾತ್ರೆ ನುಂಗುವಾಗಲೂ ಪ್ರಾರ್ಥನೆ ಮಾಡಬಹುದು, ಅತ್ತೆಗೆ ಹಾಗೇ ಹೇಳಿ.

ಸಿಟ್ಟಿನ ಪ್ರಶ್ನೆ ಉಳಿಯಿತು. ದೇವರ ಮೇಲೆ ಸಿಟ್ಟು ಬಂದರೆ ಅದನ್ನು ಆತನ ಹತ್ತಿರವೇ ಹೇಳಿ. ಬೇರೆ ಕಡೆ ತಿರುಗಿ ಕೂರುವುದಕ್ಕಿಂತ ಅದು ಎಷ್ಟೋ ಮೇಲು. ಕರ್ತನೇ, ಇನ್ನೆಷ್ಟು ದಿನ ನನ್ನನ್ನು ಮರೆತಿರುತ್ತೀ ಅಂತ ದಾವೀದ ಕೇಳಿದ್ದು ಕೀರ್ತನೆ 13ರಲ್ಲಿ. ಕೀರ್ತನೆ 88 ಅಂತೂ ಶುರುವಿನಿಂದ ಕೊನೆವರೆಗೆ ಅಳು, ಕೊನೆಯ ಮಾತೂ ಕತ್ತಲೆಯದೇ. ಅಂಥದ್ದನ್ನೂ ದೇವರು ತನ್ನ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾನೆ. ಶಿಲುಬೆಯ ಮೇಲೆ ಯೇಸು ಕೂಗಿದ್ದೂ ಕೀರ್ತನೆ 22ರ ಮೊದಲ ಸಾಲು, ನನ್ನನ್ನು ಯಾಕೆ ಕೈಬಿಟ್ಟಿದ್ದೀ ಅಂತ. ಇವರು ಯಾರೂ ದೇವರನ್ನು ಬಿಟ್ಟವರಲ್ಲ. ನನ್ನ ದೇವರೇ ಅಂತ ಕರೆದೇ ಸಿಟ್ಟು ತೋರಿಸಿದವರು. ಸಿಟ್ಟು ಬರುವುದು ನೀವು ಆತನನ್ನು ನಂಬಿದ್ದಕ್ಕೇ, ಅಲ್ವಾ? ಗುರುತಿಲ್ಲದವರ ಮೇಲೆ ಯಾರೂ ಅಷ್ಟು ಮುನಿಸಿಕೊಳ್ಳುವುದಿಲ್ಲ.

ಹಬಕ್ಕೂಕನ ಕೊನೆಯ ಅಧ್ಯಾಯವನ್ನು ರೈತರ ಮನೆಯವರು ಓದಲೇಬೇಕು. ಅಂಜೂರ ಚಿಗುರದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಹಟ್ಟಿಯಲ್ಲಿ ಕುರಿ ಇಲ್ಲದಿದ್ದರೂ ನಾನು ಕರ್ತನಲ್ಲಿ ಉಲ್ಲಾಸಪಡುವೆನು ಅಂತ ಅವನು ಹಾಡುತ್ತಾನೆ. ಆದರೆ ಅದು ಮೂರನೇ ಅಧ್ಯಾಯ ತಂಗಿ. ಮೊದಲನೇ ಅಧ್ಯಾಯದಲ್ಲಿ ಅವನೂ ನಿಮ್ಮ ಹಾಗೇ, ಎಷ್ಟು ದಿನ ಕೂಗಲಿ, ನೀನು ಕೇಳುತ್ತಿಲ್ಲವಲ್ಲ ಅಂತ ಜಗಳ ಮಾಡಿದ್ದಾನೆ. ನೀವು ಈಗ ಮೊದಲನೇ ಅಧ್ಯಾಯದಲ್ಲಿದ್ದರೆ ಅಲ್ಲೇ ಇರಿ. ಯಾರೋ ಒತ್ತಾಯ ಮಾಡಿದರು ಅಂತ ಇಲ್ಲದ ಉಲ್ಲಾಸ ತೋರಿಸಬೇಡಿ.

ಶದ್ರಕ್, ಮೇಶಕ್, ಅಬೇದ್‌ನೆಗೋ ಬೆಂಕಿಯ ಕುಲುಮೆಯ ಮುಂದೆ ನಿಂತು ರಾಜನಿಗೆ ಹೇಳಿದ ಮಾತು ನನಗೆ ಬಹಳ ಮುಖ್ಯ. ನಮ್ಮ ದೇವರು ನಮ್ಮನ್ನು ಬಿಡಿಸಬಲ್ಲ. ಬಿಡಿಸದಿದ್ದರೂ ನಿನ್ನ ಬೊಂಬೆಗೆ ಅಡ್ಡಬೀಳುವುದಿಲ್ಲ. ಬಿಡಿಸಬಲ್ಲ ಅನ್ನುವುದನ್ನೂ ಅವರು ಬಿಡಲಿಲ್ಲ, ಬಿಡಿಸದಿದ್ದರೂ ಅನ್ನುವುದನ್ನೂ ನುಂಗಲಿಲ್ಲ. ನೀವೂ ಕೇಳಿ. ಮಳೆ ಕೇಳಿ, ಕಾಲುವೆಗೆ ನೀರು ಕೇಳಿ, ಗಂಡನಿಗೆ ಕೆಲಸ ಕೇಳಿ, ಅತ್ತೆಯ ಆರೋಗ್ಯ ಕೇಳಿ, ಒಂದೊಂದನ್ನೂ ಹೆಸರು ಹಿಡಿದು ಕೇಳಿ. ಕೊಡುವುದು ಬಿಡುವುದು ಆತನ ಕೈಯಲ್ಲಿದೆ. ಯಾವುದು ಬಂದರೂ ನಮ್ಮನ್ನು ಕ್ರಿಸ್ತನ ಪ್ರೀತಿಯಿಂದ ಅಗಲಿಸಲಾರದು ಅಂತ ರೋಮಾ 8ರಲ್ಲಿ ಪೌಲ ಬರೆದಾಗ, ಆ ಪಟ್ಟಿಯಲ್ಲಿ ಬರವನ್ನೂ ಬಟ್ಟೆಯಿಲ್ಲದಿರುವುದನ್ನೂ ಕತ್ತಿಯನ್ನೂ ಸೇರಿಸಿಯೇ ಬರೆದ. ನಾನು ಬದುಕಿನಲ್ಲಿ ಹಿಡಿದುಕೊಂಡಿರುವುದು ಆ ಪಟ್ಟಿಯನ್ನು.

ಬರುವ ಭಾನುವಾರ ಸಭೆಗೆ ಹೋಗಿ. ಹಿಂದಿನ ಸಾಲಿನಲ್ಲಿ ಕೂತರೂ ಸರಿ. ಹಾಡಲು ಆಗದಿದ್ದರೆ ಸುಮ್ನೆ ಕೇಳಿಸಿಕೊಳ್ಳಿ, ಬೇರೆಯವರು ನಿಮ್ಮ ಪರವಾಗಿ ಹಾಡುತ್ತಾರೆ. ಕಾಣಿಕೆ ಚೀಲ ಬಂದಾಗ ಪಕ್ಕದವರಿಗೆ ದಾಟಿಸಿ, ಯಾರ ಮುಖವನ್ನೂ ನೋಡಬೇಕಾಗಿಲ್ಲ. ಆರಾಧನೆ ಮುಗಿದ ಮೇಲೆ ಸ್ತ್ರೀ ಸಮಾಜದಲ್ಲಿ ನಿಮಗೆ ನಂಬಿಕೆ ಇರುವ ಒಬ್ಬ ಅಕ್ಕನನ್ನು ಪಕ್ಕಕ್ಕೆ ಕರೆದು, ಪ್ರಾರ್ಥನೆ ಮಾಡಿ ಅಂತಷ್ಟೇ ಹೇಳಬೇಡಿ. ಅಕ್ಕಾ, ಮನೆಯಲ್ಲಿ ಜೋಳ ಇಷ್ಟು ದಿನಕ್ಕೆ ಇದೆ, ಆಸ್ಪತ್ರೆಗೆ ನನ್ನ ಜೊತೆ ಬಾ, ಠಾಣೆಗೆ ಬಾ ಅಂತ ಬಿಡಿಸಿ ಹೇಳಿ. ನಿಮ್ಮ ಮನೆಯವರಿಗೂ ಬೆಂಗಳೂರಿನಲ್ಲಿ ಕೆಲಸದ ಜಾಗಕ್ಕೆ ಹತ್ತಿರದಲ್ಲಿ ಒಂದು ಕನ್ನಡ ಸಭೆ ಹುಡುಕಿಕೊಳ್ಳಲು ಹೇಳಿ, ರಾಯಚೂರು ಕೊಪ್ಪಳದ ಕಡೆಯವರು ಅಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ರಾತ್ರಿ ಅವರು ಫೋನ್ ಮಾಡಿದಾಗ ಈ ಉತ್ತರವನ್ನು ಓದಿ ಹೇಳಿ. ಮೊದಲ ಭಾಗವನ್ನು ಬಿಡದೆ ಓದಿ.